ಎತ್ತಿಗಾಗಿ ಬಾರಿಸುವವರು

ಕಾರಹುಣ್ಣಿಮೆಯ ಎತ್ತಿನ ಮೆರವಣಿಗೆಯಲ್ಲಿ ಪಳಗಿದ ಕರಡಿ ವಾದ್ಯದ ಕಲಾವಿದ ಯಾರು, ಮೊನ್ನೆ ಮೊನ್ನೆ ಕರಡಿ ಕೊರಳಿಗೆ ಹಾಕಿಕೊಂಡವ ಯಾರು ಎಂದು ಗುರುತಿಸಲು ಸಂಗೀತ ಗೊತ್ತಿರಬೇಕಿಲ್ಲ. ಅವರ ಕಣ್ಣು ಎಲ್ಲಿದೆ ಎಂದು ನೋಡಿದರೆ ಸಾಕು. ಹೊಸಬ ಜನರತ್ತ ನೋಡುತ್ತಿರುತ್ತಾನೆ, ಮೊಬೈಲು ಎತ್ತಿ ಹಿಡಿದ ಹುಡುಗರತ್ತ ನೋಡುತ್ತಿರುತ್ತಾನೆ. ಪಳಗಿದವನ ಕಣ್ಣು ಎತ್ತಿನ ಕಿವಿಯ ಮೇಲಿರುತ್ತದೆ. ಕಿವಿ ಮುಂದಕ್ಕೆ ಚಾಚಿ, ತಲೆ ಹದವಾಗಿ ಆಡುತ್ತಿದ್ದರೆ ಪೆಟ್ಟು ಏರಿಸಬಹುದು. ಕಿವಿ ಹಿಂದಕ್ಕೆ ಮಲಗಿತೋ, ಮೂಗಿನ ಹೊಳ್ಳೆ ಅರಳಿತೋ, ಕಣ್ಣಿನ ಬಿಳಿಗುಡ್ಡೆ ಕಂಡಿತೋ, ಕೈ ತಾನಾಗಿ ತಗ್ಗುತ್ತದೆ. ಸನಾದಿ ಊದುವವನಿಗೆ ಮೊಣಕೈಯಿಂದ ಒಂದು ಸನ್ನೆ ಹೋಗುತ್ತದೆ. ಎದುರಿಗಿರುವುದು ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿ, ಅದರ ಕೋಡಿಗೆ ಹಿತ್ತಾಳೆಯ ಕೊಡಣಸು ಬೇರೆ ಹಾಕಿದ್ದಾರೆ. ಬಾರಿಸುವವನಾದರೋ ಅದಕ್ಕೆ ಮುಖ ಕೊಟ್ಟು ಹಿಂದೆ ಹಿಂದೆ ಹೆಜ್ಜೆ ಇಡುತ್ತಿರುತ್ತಾನೆ.

‘ಜನಾ ತಪ್ಪ ಹಿಡೀಲಿಕ್ಕಿಲ್ಲ ತಮ್ಮಾ, ಎತ್ತ ಹಿಡೀತೈತಿ’ ಎಂದು ಟಿಕೋಟಾ ಕಡೆಯ ಹಿರಿಯ ಕರಡಿ ಕಲಾವಿದರೊಬ್ಬರು ನನಗೆ ಹೇಳಿದ್ದುಂಟು. ಬಾಯಲ್ಲಿ ಎಲೆಯಡಿಕೆ, ಕೊರಳಲ್ಲಿ ಕರಡಿಯ ಪಟ್ಟಿ ಉಜ್ಜಿ ಉಜ್ಜಿ ಕಪ್ಪಾದ ಗೆರೆ. ‘ಹಂಗಂದ್ರ ಹೆಂಗ ಕಾಕಾ?’ ಅಂದೆ. ‘ತಾಳ ತಪ್ಪಿದ್ರ ಹೆಜ್ಜಿ ತಪ್ಪತೈತಿ. ಹೆಜ್ಜಿ ತಪ್ಪಿದ ಎತ್ತ ಹಗ್ಗ ಹರಕೊಂಡ ಹೋಗತೈತಿ. ಆಮ್ಯಾಲೆ ನಿನ್ನ ಸಂಗೀತ ಯಾರ ಕೇಳ್ತಾರ?’

ಪ್ರಾಣಿಯೊಂದನ್ನು ನಡುವೆ ನಿಲ್ಲಿಸಿಕೊಂಡು ಊರಿಗೆ ಊರೇ ಹಬ್ಬ ಮಾಡುವಾಗ ಅಲ್ಲಿ ನುಡಿಸುವ ಸಂಗೀತಗಾರ ಯಾರಿಗಾಗಿ ನುಡಿಸುತ್ತಾನೆ? ಬೇರೆ ಕಡೆಯದು ಹೇಗೋ, ವಿಜಯಪುರ ಸೀಮೆಯ ಎತ್ತಿನ ಹಬ್ಬಗಳ ಮಟ್ಟಿಗೆ ನನ್ನ ಉತ್ತರ ಇಷ್ಟೆ: ಮೊದಲ ಶ್ರೋತೃ ಎತ್ತು. ನಾವು ನೀವು ಎರಡನೆಯವರು. ಈ ಸಾಲು ಮರೆತಲ್ಲೆಲ್ಲ ಹಬ್ಬ ಕೆಟ್ಟಿದೆ.

ಬೇರೆ ಕಡೆ, ಸಮುದ್ರದ ದಂಡೆಯ ಕೆಲವು ಊರುಗಳಲ್ಲಿ, ತಿಮಿಂಗಿಲಕ್ಕೂ ಹಬ್ಬ ಮಾಡುತ್ತಾರೆ. ದಕ್ಷಿಣ ಆಫ್ರಿಕಾದ ಹರ್ಮಾನಸ್ ಎಂಬ ಊರಿನ ಕೊಲ್ಲಿಗೆ ವರ್ಷವೂ ಜೂನ್ ಸುಮಾರಿಗೆ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಅವು ಇನ್ನೂ ದಂಡೆಯ ಬಳಿ ಇರುವಾಗಲೇ ಊರವರು ಉತ್ಸವ ಕಟ್ಟುತ್ತಾರೆ, ವೇದಿಕೆ ಮೇಲೆ ಬ್ಯಾಂಡುಗಳು ನುಡಿಯುತ್ತವೆ. ನನಗೆ ಇಷ್ಟವಾದದ್ದು ಬ್ಯಾಂಡಲ್ಲ, ಅಲ್ಲಿಯ ಡಂಗುರದವನು. 1990ರ ದಶಕದಿಂದ ಆ ಊರು ಒಬ್ಬ ಮನುಷ್ಯನನ್ನು ಇದಕ್ಕೇ ನೇಮಿಸಿಕೊಂಡಿದೆ. ತಿಮಿಂಗಿಲ ಕಂಡಾಗ ಆತ ಒಣಗಿದ ಕಡಲಕಳೆಯ ಕೊಳವೆಯಿಂದ ಮಾಡಿದ ಕಹಳೆ ಊದಿ, ಯಾವ ಕಡೆ ಕಂಡಿದೆ ಎಂದು ಜನರಿಗೆ ತಿಳಿಸುತ್ತಾನೆ. ಪ್ರಾಣಿ ಯಾವ ನೀರಿನದೋ ಅದೇ ನೀರಿನ ವಾದ್ಯ. 1970ರಲ್ಲಿ ರೋಜರ್ ಪೇನ್ ಎಂಬ ವಿಜ್ಞಾನಿ ತಿಮಿಂಗಿಲಗಳ ಹಾಡನ್ನೇ ಧ್ವನಿಮುದ್ರಿಕೆ ಮಾಡಿ ಹೊರತಂದಾಗ ಜಗತ್ತು ಬೆರಗಾಯಿತು, ಅವುಗಳ ಬೇಟೆ ನಿಲ್ಲಿಸಬೇಕೆಂಬ ಚಳವಳಿಗೂ ಬಲ ಬಂತು. ಆದರೂ ದಂಡೆಯ ಮೇಲಿನ ಬ್ಯಾಂಡಿಗೂ ನೀರೊಳಗಿನ ತಿಮಿಂಗಿಲಕ್ಕೂ ನಡುವೆ ದೂರ ಇದ್ದೇ ಇದೆ. ಬ್ಯಾಂಡು ಶ್ರುತಿ ತಪ್ಪಿದರೆ ತಿಮಿಂಗಿಲಕ್ಕೆ ಏನೂ ಆಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಪ್ರಾಣಿ ಎದುರಿಗೇ ಇದೆ, ಅದರ ಉಸಿರು ಬಾರಿಸುವವನ ಕೈಗೆ ತಾಕುತ್ತಿರುತ್ತದೆ.

ವಿಜಯಪುರಕ್ಕೆ ಸಮುದ್ರವಿಲ್ಲ, ಡೋಣಿ ಇದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎನ್ನುವ ಮಾತು ಹುಟ್ಟಿದ್ದು ಆ ನದಿಯ ಎರೆಮಣ್ಣಿನಿಂದ. ಮಳೆ ಬಿದ್ದರೆ ಕಾಲು ಹೂತುಹೋಗುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಕರಿ ನೆಲವನ್ನು ಗಳೆ ಹೊಡೆಯಲು ಸಣ್ಣ ಮೈಯ ಎತ್ತು ಸಾಲದು. ಅದಕ್ಕೇ ಕೃಷ್ಣಾ ತೀರದಲ್ಲಿ ದೊಡ್ಡ ಮೈಕಟ್ಟಿನ ಕೃಷ್ಣಾ ತಳಿ ಬೆಳೆಯಿತು. ಸಾಂಗಲಿಯ ಸಂಸ್ಥಾನಿಕರು ಅದನ್ನು ಪೋಷಿಸಿದರು. ಈಗ ಅದು ಕೈಬೆರಳೆಣಿಕೆಯ ದೊಡ್ಡಿಗಳಲ್ಲಿ ಉಳಿದಿದೆ. ಸಂತೆಯಲ್ಲಿ ಹೆಚ್ಚಾಗಿ ಕಾಣುವುದು ಖಿಲಾರಿ: ಬೆಳ್ಳಗೆ, ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೇರಿದ ಕೋಡು, ಚುರುಕು ಸ್ವಭಾವ. ಖಿಲಾರಿಯ ಮುಂದೆ ಬಾರಿಸುವುದು ಬೇರೆಯೇ ವಿದ್ಯೆ ಎಂದು ಕರಡಿಯವರು ಹೇಳುವುದು ಈ ಚುರುಕಿಗಾಗಿ.

ಸಂಕ್ರಮಣಕ್ಕೆ ವಿಜಯಪುರಕ್ಕೆ ಬಂದವರಿಗೆ ಸಿದ್ಧೇಶ್ವರ ಗುಡಿಯ ದಾರಿ ಕೇಳಬೇಕಾಗುವುದಿಲ್ಲ. ಗಾಂಧಿ ಚೌಕದಿಂದಲೇ ಜನ ದೂಡಿಕೊಂಡು ಹೋಗಿ ಬಿಡುತ್ತಾರೆ. ಬೆಂಡು ಬತ್ತಾಸ, ಬಳೆ, ಆಟಿಗೆ ಸಾಮಾನು, ಕುಸುರೆಳ್ಳಿನ ರಾಶಿ. ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಈ ಗದ್ದಲದ ನಡುವೆ ನಂದಿಕೋಲು ಬರುತ್ತದೆ. ಅದರ ಹಿಂದೊಂದು ಕತೆ: ಸಿದ್ಧೇಶ್ವರನೆಂದು ಪೂಜಿಸುವ, ಸೊನ್ನಲಿಗೆಯ (ಇಂದಿನ ಸೊಲ್ಲಾಪುರದ) ಸಿದ್ಧರಾಮನನ್ನು ಮದುವೆಯಾಗಬೇಕೆಂದು ಕುಂಬಾರ ಕನ್ನೆಯೊಬ್ಬಳು ಹಟ ಹಿಡಿದಳಂತೆ. ಯೋಗಿಯಾದ ಆತ ತನ್ನ ಯೋಗದಂಡವನ್ನು ವರಿಸಲು ಒಪ್ಪಿಗೆ ಕೊಟ್ಟನಂತೆ. ಸೊಲ್ಲಾಪುರದಲ್ಲಿ ಇಂದಿಗೂ ಏಳು ನಂದಿಧ್ವಜಗಳು 68 ಲಿಂಗಗಳನ್ನು ಸುತ್ತಿ ಬಂದು, ಅಕ್ಷತೆ ಬಿದ್ದು, ಆ ಮದುವೆ ನಡೆಯುತ್ತದೆ. ಅದೇ ಪರಂಪರೆಯ ಎಳೆ ಹಿಡಿದದ್ದು ವಿಜಯಪುರದ ಜಾತ್ರೆ. ಸೊಂಟದ ಪಟ್ಟಿಗೆ ಕೋಲಿನ ಬುಡ ಊರಿಕೊಂಡು, ಕೈಬಿಟ್ಟು ನಡೆಯುವ ಗಂಡಾಳಿನ ಹೆಜ್ಜೆಗೂ ಮುಂದೆ ನಡೆಯುವ ವಾದ್ಯಕ್ಕೂ ಗಂಟು. ಹಲಗಿ ಚುರುಕಾದರೆ ಕೋಲು ಬಾಗುತ್ತದೆ, ನಿಧಾನವಾದರೆ ಭಾರ ಸೊಂಟ ಮುರಿಯುತ್ತದೆ.

ನಂದಿಕೋಲು ಮರದ ನಂದಿ. ನಿಜವಾದ ನಂದಿಗಳು ನಗರದ ಪಡುವಣಕ್ಕೆ, ಅಥಣಿ ಹಾದಿಯಲ್ಲಿರುವ ತೊರವಿಯಲ್ಲಿ ಕಟ್ಟಿರುತ್ತವೆ. ಸಿದ್ಧೇಶ್ವರ ಜಾತ್ರೆಯ ಜಾನುವಾರು ಜಾತ್ರೆ ಸೇರುವುದು ಅಲ್ಲಿ. ದಾವಣಿ ಹಿಡಿದು ಸಾಲು ಸಾಲು ಎತ್ತು, ಹೋರಿ. ಕಣಿಕೆಯ ಸೂಡು, ಹಿಂಡಿಯ ಚೀಲ, ಚಕ್ಕಡಿಯ ಕೆಳಗೆ ಮಲಗಿದ ಮುದುಕರು. ಬಾಯಿ ಬಿಡಿಸಿ ಹಲ್ಲು ನೋಡುವವರು ಒಂದು ಕಡೆ, ಟಾವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಹೇಳುವ ದಲಾಲಿಗಳು ಇನ್ನೊಂದು ಕಡೆ. ಇಲ್ಲಿ ವ್ಯಾಪಾರದ ಹೊತ್ತಿನಲ್ಲಿ ವಾದ್ಯ ಇರುವುದಿಲ್ಲ. ಜೋಡಿ ಕುದುರಿ, ಹಗ್ಗ ಕೈ ಬದಲಾದ ಮೇಲೆ, ಅಥವಾ ಬಹುಮಾನ ಬಂದ ಮೇಲೆ, ಹಲಗಿಯವರಿಗೆ ಕರೆ ಬರುತ್ತದೆ. ಗುಲಾಲು ಹಾರುತ್ತದೆ. ಮಾರಿದವ ಒಂದು ಕ್ಷಣ ಎತ್ತಿನ ಬೆನ್ನ ಮೇಲೆ ಕೈ ಇಟ್ಟು ನಿಲ್ಲುವುದು, ಕೊಂಡವ ಗಡಿಬಿಡಿ ಮಾಡುವುದು, ಇಬ್ಬರ ನಡುವೆ ಹಲಗಿಯವ ಜೋರಾಗಿ ಬಾರಿಸಿ ಆ ಗಳಿಗೆಯನ್ನು ದಾಟಿಸಿ ಬಿಡುವುದು, ಇದನ್ನು ನೋಡಿದವರಿಗೆ ಆ ವಾದ್ಯ ಅಲ್ಲಿ ಯಾಕೆ ಬೇಕು ಎಂದು ಬೇರೆ ಹೇಳಬೇಕಿಲ್ಲ.

ತೊರವಿ ಅಂದರೆ ಸಾಹಿತ್ಯದವರಿಗೆ ತೊರವೆ ರಾಮಾಯಣ, ಅಲ್ಲಿಯ ನರಸಿಂಹ. ಸಂಗೀತದವರಿಗೆ ನವರಸಪುರ. ಎರಡನೆಯ ಇಬ್ರಾಹಿಂ ಆದಿಲಶಾಹ 1580ರಿಂದ 1627ರ ತನಕ ಆಳಿದವನು. ಸಂಗೀತದ ಹುಚ್ಚು ಎಷ್ಟೆಂದರೆ 1599ರಲ್ಲಿ ಅದಕ್ಕಾಗಿ ಒಂದು ಊರನ್ನೇ ಕಟ್ಟಲು ಹೊರಟ. ಜನ ಅವನನ್ನು ಜಗದ್ಗುರು ಬಾದಶಾಹ ಎಂದರು. ದಖ್ಖನಿಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ 59 ಹಾಡು, 17 ದೋಹೆಗಳಿವೆ. ಸರಸ್ವತಿ, ಗಣಪತಿ, ಬಂದೇನವಾಜ ಗೇಸುದರಾಜರ ಸ್ತುತಿಯ ಜೊತೆಗೆ ಅವನ ತಂಬೂರಿ ಮೋತಿಖಾನ್ ಮತ್ತು ಅವನ ಆನೆ ಆತಶ್‌ಖಾನ್ ಕೂಡ ಆ ಹಾಡುಗಳೊಳಗೆ ಬರುತ್ತವೆ. ಆನೆಗೂ ತಂಬೂರಿಗೂ ಒಂದೇ ಬಗೆಯ ಹೆಸರಿಟ್ಟು, ಇಬ್ಬರನ್ನೂ ಆಪ್ತರಂತೆ ಹಾಡಿದ ದೊರೆ! ಆತಶ್‌ಖಾನನ ಮೇಲೆ ಅವನು ಕೂತ ಚಿತ್ರವನ್ನು ಚಿತ್ರಕಾರ ಫರ್ರುಖ್ ಬೇಗ್ ಬರೆದಿದ್ದಾನೆ. ಪ್ರಾಣಿಯನ್ನು ಕುರಿತು ಹಾಡುವುದು ಈ ನೆಲಕ್ಕೆ ಹೊಸತಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? 1624ರಲ್ಲಿ ಮಲಿಕ್ ಅಂಬರನ ಸೈನ್ಯ ಬಂದು ನವರಸಪುರವನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಮಾತ್ರ ಇನ್ನೂ ನಿಂತಿವೆ, ಎತ್ತು ಮಾರುವ ಊರಿನ ಮಗ್ಗುಲಲ್ಲೇ.

ಅಕ್ಬರನ ರಾಯಭಾರಿಯಾಗಿ 1600ರ ಈಚೆಗೆ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗ್ ಬರೆದಿಟ್ಟ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. (ಇದೇ ಅಸದ್ ಬೇಗ್ ವಿಜಯಪುರದಲ್ಲಿ ತಂಬಾಕು ಕಂಡು, ಅದನ್ನು ಅಕ್ಬರನಿಗೆ ಒಯ್ದವನು. ನಮ್ಮೂರಿನ ಈ ಕೊಡುಗೆಯ ಬಗ್ಗೆ ಹೆಮ್ಮೆಪಡಬೇಕೋ ಬೇಡವೋ ತಿಳಿಯದು.) ಇಬ್ರಾಹಿಂ ಅವನನ್ನು ರಾಜಕಾರಣ ಬಿಟ್ಟು ತಾನಸೇನನ ಸುದ್ದಿ ಕೇಳಿದ: ಬಾದಶಹರ ಮುಂದೆ ತಾನಸೇನ್ ನಿಂತು ಹಾಡುತ್ತಿದ್ದನೋ, ಕುಳಿತೋ? ದರ್ಬಾರಿನಲ್ಲಿ ನಿಂತು, ರಾತ್ರಿಯ ಹೊತ್ತು ಮತ್ತು ಹಬ್ಬಗಳಲ್ಲಿ ಕುಳಿತುಕೊಳ್ಳಲು ಅಪ್ಪಣೆ ಇತ್ತು ಎಂಬ ಉತ್ತರ ಬಂತು. ಸಂಗೀತಗಾರರನ್ನು ಸಂತೋಷವಾಗಿಟ್ಟಿರಬೇಕು ಎಂಬ ಅರ್ಥದ ಮಾತನ್ನು ಇಬ್ರಾಹಿಂ ಆಡಿದನೆಂದು ಆ ಬರಹ ಹೇಳುತ್ತದೆ. ನಾಲ್ಕು ಶತಮಾನದ ಹಿಂದೆ ಇದೇ ಊರಿನ ದೊರೆಗೆ ಹೊಳೆದ ಪ್ರಶ್ನೆ, ಕಲಾವಿದ ನಿಂತಿದ್ದಾನೋ ಕುಳಿತಿದ್ದಾನೋ ಎಂಬುದು, ಇಂದು ಮೆರವಣಿಗೆ ಏರ್ಪಡಿಸುವ ಬಹಳ ಜನರಿಗೆ ಹೊಳೆಯುವುದಿಲ್ಲ. ಕರಡಿ, ಹಲಗಿಯವರು ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನ ತಿರುಗುವತನಕ ನಿಂತೇ ಇರುತ್ತಾರೆ. ಊಟ ಎಲ್ಲರದ್ದೂ ಆದ ಮೇಲೆ.

ಈ ಬಾರಿಸುವವರು ಯಾರು? ಹಲಗಿ ದಲಿತರ ಕೈಯ ವಾದ್ಯ. ಸನಾದಿ ಬಹಳ ಕಡೆ ಭಜಂತ್ರಿ ಮನೆತನಗಳಲ್ಲಿ ಉಳಿದು ಬಂದಿದೆ. ಕರಡಿ ಮಜಲಿನ ಮೇಳಗಳಲ್ಲಿ ಎಲ್ಲ ಜಾತಿಯವರೂ ಸಿಗುತ್ತಾರೆ, ಮುಸಲ್ಮಾನರೂ ಸಿಗುತ್ತಾರೆ. ಮೊಹರಂ ಹೆಜ್ಜೆಗೆ ಬಾರಿಸಿದ ಕೈಯೇ ಕಾರಹುಣ್ಣಿಮೆಗೂ ಬಾರಿಸುವುದು ಈ ಸೀಮೆಯಲ್ಲಿ ಸುದ್ದಿಯಾಗುವಂಥದ್ದೇನಲ್ಲ. ಹಿಂದೆ ಇವರಿಗೆ ಆಯ ಇತ್ತು. ಸುಗ್ಗಿಯ ರಾಶಿಯಲ್ಲಿ ಬಡಿಗ, ಕಂಬಾರರಂತೆ ಬಾರಿಸುವವರಿಗೂ ಇಷ್ಟು ಸೇರು ಜೋಳ ಎಂದು. ಆ ಲೆಕ್ಕದ ಇನ್ನೊಂದು ಮಗ್ಗುಲನ್ನು ನಮ್ಮ ಜಾನಪದದ ಬರಹಗಳು ಮೆತ್ತಗೆ ಹೇಳಿ ಮುಗಿಸುತ್ತವೆ. ಸತ್ತ ದನ ಎಳೆದು ಒಯ್ಯುವ ಕೆಲಸ ಯಾರ ಪಾಲಿಗಿತ್ತೋ, ಬದುಕಿದ ಎತ್ತಿನ ಮುಂದೆ ಹಲಗಿ ಬಡಿಯುವ ಕೆಲಸವೂ ಅವರ ಪಾಲಿಗೇ ಇತ್ತು. ಎತ್ತು ಗುಡಿಯ ಕಟ್ಟೆ ಸುತ್ತಿ ಬರುತ್ತಿತ್ತು, ಬಾರಿಸುವವ ಕಟ್ಟೆಯ ಕೆಳಗೆ ನಿಲ್ಲಬೇಕಿತ್ತು. ಹೀಗಿದ್ದಾಗ ಓದಿದ ಹುಡುಗರು ಹಲಗಿ ಕೆಳಗಿಟ್ಟು ನಡೆದರೆ ‘ಕಲೆ ಹಾಳಾಯ್ತು’ ಎಂದು ಊರ ಹಿರಿಯರು ಹಲುಬುವುದನ್ನು ನಾನು ಒಪ್ಪುವುದಿಲ್ಲ. ಮರ್ಯಾದೆ ಕೊಟ್ಟು, ವೀಳ್ಯ ಕೊಟ್ಟು, ಬಿದಾಗಿ ಎಷ್ಟೆಂದು ಮೊದಲೇ ಮಾತಾಡಿ ಕರೆದ ಕಡೆ ಅವರ ಮಕ್ಕಳು ಮತ್ತೆ ಬಾರಿಸುತ್ತಿದ್ದಾರೆ.

ಕರಡಿ ಮಜಲಿನ ಮೇಳ ದೊಡ್ಡದಲ್ಲ. ಕರಡಿ, ಸನಾದಿ, ಶ್ರುತಿ ಹಿಡಿಯುವವ, ತಾಳದವರು. ಮದುವೆ, ಉರುಸು, ಜಾತ್ರೆ, ಗಣ್ಯರ ಸ್ವಾಗತ, ಸಾವು, ಎಲ್ಲಕ್ಕೂ ಇವರೇ. ಸನಾದಿಯ ಹೆಸರು ಹೇಳಿದ ಕೂಡಲೆ ನಾಡಿನವರಿಗೆ ನೆನಪಾಗುವುದು 1977ರ ‘ಸನಾದಿ ಅಪ್ಪಣ್ಣ’ ಸಿನಿಮಾ, ರಾಜಕುಮಾರ್ ಕೈಯಲ್ಲಿ ಹಿಡಿದ ಶಹನಾಯಿ, ಅದರ ಹಿಂದೆ ನಿಜಕ್ಕೂ ಊದಿದ ಬಿಸ್ಮಿಲ್ಲಾ ಖಾನ್. ಆ ಹೆಸರಿನ ಕಲಾವಿದ ಬದುಕಿದ್ದು ಕೃಷ್ಣೆಯ ಆಚೆ ಬೀಳಗಿಯಲ್ಲಿ. ಸಿನಿಮಾ ಕಾಣಿಸದ ಒಂದು ಸಂಗತಿ ಇದೆ: ಬೀದಿಯ ಸನಾದಿಯವನಿಗೆ ಉಸಿರು ಎರಡು ಕೆಲಸ ಮಾಡಬೇಕು. ಕುಳಿತು ಊದುವವ ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು ಸ್ವರ ಕಡಿಯದಂತೆ ನೋಡಿಕೊಂಡರೆ ಆಯಿತು. ನಡೆಯುತ್ತ, ಅದೂ ಎತ್ತಿನ ಕಾಲ್ದೂಳಿಯಲ್ಲಿ ನಡೆಯುತ್ತ ಊದುವವನಿಗೆ ಪ್ರತಿ ಹೆಜ್ಜೆಯೂ ಹೊಟ್ಟೆಗೆ ಬಡಿದು ಸ್ವರ ಅಲುಗಿಸುತ್ತದೆ. ಅದಕ್ಕೇ ಇವರು ಹಾಡಿನ ನಿಲುಗಡೆಯನ್ನು ಹೆಜ್ಜೆಯ ಮೇಲೆ ಕೂರಿಸಿಕೊಂಡಿರುತ್ತಾರೆ. ವೇದಿಕೆಯಲ್ಲಿ ಕೂತು ಅದೇ ಹಾಡು ಊದಿ ಎಂದರೆ ತಡಬಡಿಸುವ ಸನಾದಿಯವರನ್ನು ಕಂಡಿದ್ದೇನೆ. ‘ಕಾಲ ಆಡದ ಬಾಯಿ ಆಡೂದಿಲ್ರಿ’ ಅಂತ ನಗುತ್ತಾರೆ.

ಕಾರಹುಣ್ಣಿಮೆ ಜ್ಯೇಷ್ಠದ ಹುಣ್ಣಿಮೆ, ಮುಂಗಾರಿನ ಹೊಸ್ತಿಲು. ಹಿಂದಿನ ದಿನವೇ ಹೊನ್ನುಗ್ಗಿ. ಎತ್ತಿಗೆ ಹುಗ್ಗಿ ತಿನ್ನಿಸಿ, ಗೊಟ್ಟದಲ್ಲಿ ಎಣ್ಣೆ, ತತ್ತಿ ಕುಡಿಸುತ್ತಾರೆ. ಹುಣ್ಣಿಮೆಯ ದಿನ ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತಿಕ್ಕಿ ತೊಳೆದು, ಕೋಡಿಗೆ ಬಣ್ಣ ಬಳಿದು, ಮೈಗೆ ಹುರಮಂಜಿನ ಮುದ್ರೆ ಒತ್ತಿ, ಗೊಂಡೆ, ಹಣೆಪಟ್ಟಿ, ಗೆಜ್ಜೆಸರ, ಝೂಲ ಹೊದಿಸಿ ನಿಲ್ಲಿಸಿದರೆ ನಿನ್ನೆ ಕುಂಟೆ ಎಳೆದ ಎತ್ತು ಇದೇನಾ ಎನಿಸಬೇಕು. ಕೋಡಿಗೆ ಕೋಡಬಳೆ ಕಟ್ಟುವುದೂ ಉಂಟು, ಅದನ್ನು ಕಿತ್ತುಕೊಳ್ಳಲು ಹುಡುಗರು ಹಿಂದೆ ಬೀಳುವುದೂ ಉಂಟು.

ಇತ್ತ ಅಗಸಿಯ ಬಳಿ ಇನ್ನೊಂದು ಸಿದ್ಧತೆ. ಮಳೆಗಾಳಿಯ ತೇವಕ್ಕೆ ಹಲಗಿಯ ಚರ್ಮ ಸಡಿಲಾಗಿರುತ್ತದೆ. ಕಾಗದ, ಒಣಹುಲ್ಲು ಸೇರಿಸಿ ಬೆಂಕಿ ಮಾಡಿ, ಹಲಗಿಯ ಮುಖವನ್ನು ಅದರ ಮೇಲೆ ಆಡಿಸುತ್ತಾರೆ. ತೀರ ಹತ್ತಿರ ಹಿಡಿದರೆ ಚರ್ಮ ಸೀಳುತ್ತದೆ, ದೂರ ಹಿಡಿದರೆ ಕಾಯುವುದಿಲ್ಲ. ನಡುನಡುವೆ ಬೆರಳ ತುದಿಯಿಂದ ತಟ್ಟಿ ಕೇಳುತ್ತಾರೆ. ‘ಢಬ್’ ಅನ್ನುತ್ತಿದ್ದುದು ‘ಟಣ್’ ಅನ್ನಲು ಶುರುವಾದಾಗ ಎತ್ತಿ ಬಿಡುತ್ತಾರೆ. ಅರ್ಧ ತಾಸಿಗೆ ಮತ್ತೆ ಕಾಸಬೇಕು. ಈ ಉಪದ್ವ್ಯಾಪ ಬೇಡವೆಂದು ಪ್ಲಾಸ್ಟಿಕ್ ಹಾಳೆಯ ಹಲಗಿ ಬಂದಿದೆ. ಮಳೆಗೆ ಹೆದರುವುದಿಲ್ಲ, ಬೆಂಕಿ ಕೇಳುವುದಿಲ್ಲ, ಹಗುರ. ಆದರೆ ಅದರ ಸದ್ದು ಚೂಪು, ಕಿವಿಗೆ ಮೊಳೆ ಹೊಡೆದಂತೆ. ಚರ್ಮದ ಹಲಗಿಗೆ ತಲೆ ಆಡಿಸುವ ಎತ್ತು ಪ್ಲಾಸ್ಟಿಕ್ಕಿಗೆ ಮೈ ನಡುಗಿಸುತ್ತದೆ ಎಂದು ಬಬಲೇಶ್ವರ ಕಡೆಯ ರೈತರು ಹೇಳುತ್ತಾರೆ. ಇದು ಬರೀ ಅಂದಾಜಿನ ಮಾತಾಗಿರಲಾರದು. ನಮ್ಮ ಕಿವಿ 20 ಸಾವಿರ ಹರ್ಟ್ಸ್ ತನಕದ ಧ್ವನಿ ಹಿಡಿದರೆ ದನದ ಕಿವಿ 35 ಸಾವಿರದ ತನಕ ಹಿಡಿಯುತ್ತದೆ. ಚೂಪು ಧ್ವನಿಯಲ್ಲಿ ನಮಗೆ ಕೇಳದ್ದೂ ಅದಕ್ಕೆ ಕೇಳುತ್ತದೆ.

ಸಂಜೆ ಕರಿ ಹರಿಯುವುದು. ಅಗಸಿಗೆ ಅಡ್ಡ ಕಟ್ಟಿದ ಬೇವಿನ ತಪ್ಪಲಿನ ತೋರಣವನ್ನು ಓಡಿ ಬಂದ ಎತ್ತು ಹರಿಯಬೇಕು. ಬಿಳಿ ಎತ್ತು ಮುಂದಾದರೆ ಹಿಂಗಾರಿ ಜೋಳ, ಕೆಂದ ಎತ್ತು ಮುಂದಾದರೆ ಮುಂಗಾರಿ ಪೀಕು ಎಂಬ ನಂಬಿಕೆ. ಈಗ ಎಲ್ಲ ಎತ್ತೂ ಬಿಳಿ ಖಿಲಾರಿಯೇ ಆದ್ದರಿಂದ ಹವಾಮಾನ ಇಲಾಖೆಯೇ ವಾಸಿ ಎಂದು ಒಬ್ಬ ಮಾಸ್ತರರು ಚೇಷ್ಟೆ ಮಾಡುತ್ತಿದ್ದರು. ಓಟದ ಹೊತ್ತಿಗೆ ಕರಡಿಯವರು ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಸನಾದಿ ನಿಂತು ಹೋಗುತ್ತದೆ. ಹಲಗಿ ಒಂದೇ ನಡೆಯುತ್ತದೆ, ಅದೂ ಎತ್ತು ಬರುವ ತನಕ. ಎತ್ತು ಎದುರು ಬಂದ ಕೂಡಲೆ ಕೈ ನಿಲ್ಲಿಸುವುದು ಹಳಬರ ಪದ್ಧತಿ, ಓಡುವ ಪ್ರಾಣಿಗೆ ಎದುರಿನಿಂದ ಸದ್ದು ತಾಕಬಾರದೆಂದು. ಈ ಸಣ್ಣ ನಿಲುಗಡೆಯನ್ನು ನಾನು ಇಡೀ ಹಬ್ಬದ ಅತ್ಯಂತ ದೊಡ್ಡ ಸಂಗೀತಜ್ಞಾನ ಎಂದು ಎಣಿಸುತ್ತೇನೆ.

ತೆರಬಂಡಿ ಸ್ಪರ್ಧೆಗಳಲ್ಲಿ ಇದಕ್ಕೆ ತದ್ವಿರುದ್ಧ. ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಎಳೆಯುವ ಜೋಡಿಯ ಬೆನ್ನಿಗೆ ಹಲಗಿ ಒಂದೇ ಸಮ ಅಬ್ಬರಿಸುತ್ತದೆ, ಎತ್ತು ಬೆದರಿ ಇನ್ನಷ್ಟು ಎಳೆಯಲಿ ಎಂದು. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಓಟಗಳಿಗೆ ತಡೆ ಹಾಕಿದ್ದು, 2017ರಲ್ಲಿ ನಮ್ಮ ಸರಕಾರ ಕಂಬಳ ಮತ್ತು ಎತ್ತಿನ ಓಟಕ್ಕೆ ಕಾಯ್ದೆ ತಿದ್ದಿದ್ದು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿ ಹಿಡಿದದ್ದು ಎಲ್ಲರಿಗೂ ಗೊತ್ತು. ಕಾಯ್ದೆಯಲ್ಲಿ ಹಲಗಿಯ ಮಾತಿಲ್ಲ. ಬೆದರಿಸಲು ಬಾರಿಸುವುದನ್ನು ನಾನಂತೂ ಸಂಗೀತದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಆದರೆ ಹಲಗಿಯ ಅಬ್ಬರವನ್ನೂ ಮೀರಿಸಿದ್ದು ಡಿಜೆ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಎತ್ತರಕ್ಕೆ ಪೇರಿಸಿದ ಸ್ಪೀಕರು, ಜನರೇಟರು, ಹೊಗೆ. ಊರ ಯುವಕರು ವರ್ಗಣಿ ಹಾಕಿ ತರಿಸುತ್ತಾರೆ. ಅದರ ಮುಂದೆ ಎತ್ತು ನಡೆಸಲು ಸಾಧ್ಯವಿಲ್ಲ ಎಂಬುದು ಒಂದೆರಡು ವರ್ಷದಲ್ಲೇ ಎಲ್ಲರಿಗೂ ತಿಳಿಯಿತು. ಹಗ್ಗ ಹಿಡಿದ ನಾಲ್ಕು ಮಂದಿಯೂ ತಡೆಯಲಾರದೆ ಎತ್ತು ಓಣಿಯ ಸಂದಿಗೆ ನುಗ್ಗಿದ ಮೇಲೆ ಊರವರು ಏನು ಮಾಡಬೇಕಿತ್ತು? ಡಿಜೆ ಬಿಡಬೇಕಿತ್ತು. ಬಹಳ ಕಡೆ ಬಿಟ್ಟದ್ದು ಎತ್ತನ್ನು. ಅಂದರೆ ಹುಣ್ಣಿಮೆಯ ಪೂಜೆಯನ್ನು ದನದ ಕೊಟ್ಟಿಗೆಯಲ್ಲೇ ಮುಗಿಸಿ, ಮೆರವಣಿಗೆಗೆ ಒಂದೇ ಜೋಡಿ ಹೆಸರಿಗೆ ತಂದು, ಅದನ್ನೂ ಬೇಗ ಮನೆಗೆ ಕಳಿಸಿ, ಆಮೇಲೆ ಕುಣಿಯುವುದು. ಎತ್ತಿನ ಹಬ್ಬದಲ್ಲಿ ಎತ್ತಿಗೇ ಜಾಗ ಇಲ್ಲದಂತಾಯಿತು.

ಎಲ್ಲ ತಪ್ಪನ್ನೂ ಡಿಜೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಎತ್ತೇ ಕಡಿಮೆಯಾಗಿವೆ. ಟಿಕೋಟಾ, ಬಬಲೇಶ್ವರ ಸುತ್ತ ದ್ರಾಕ್ಷಿ ತೋಟಗಳು ಹಬ್ಬಿದ ಮೇಲೆ ಸಾಲಿನ ನಡುವೆ ಓಡಾಡಲು ಸಣ್ಣ ಟ್ರ್ಯಾಕ್ಟರ್ ಬಂತು, ಔಷಧ ಹೊಡೆಯಲು ಅದೇ, ಗೊಬ್ಬರ ಹೇರಲು ಅದೇ. ಒಂದು ಜೋಡಿ ಎತ್ತಿಗೆ ವರ್ಷವಿಡೀ ಕಣಿಕೆ, ಹಿಂಡಿ ಹಾಕಿ ಸಾಕುವುದು ಒಣಬೇಸಾಯದವನಿಗೂ ಭಾರ. ಅದರ ಮೇಲೆ ಕೊರೋನಾ ಬಂದು ಜಾತ್ರೆಗಳು ನಿಂತವು. ಅದು ಮುಗಿಯಿತು ಎನ್ನುವಷ್ಟರಲ್ಲಿ 2022ರಲ್ಲಿ ಚರ್ಮಗಂಟು ರೋಗ ಬಂದು ರಾಜ್ಯದಲ್ಲಿ ದನದ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ದನಕ್ಕೆ ರೋಗ ಬಂದ ವರ್ಷ ಕೆಲಸ ಹೋದವರ ಪಟ್ಟಿಯಲ್ಲಿ ಹಲಗಿ, ಕರಡಿಯವರ ಹೆಸರನ್ನು ಯಾರೂ ಸೇರಿಸಲಿಲ್ಲ. ದನ ಸತ್ತ ರೈತನಿಗೆ ಪರಿಹಾರ ಸಿಕ್ಕಿತು, ಸಿಗಲೇಬೇಕಾದದ್ದು. ದನದ ಮುಂದೆ ಬಾರಿಸುವವ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದ.

ಸರಕಾರಕ್ಕೆ ಈ ವಾದ್ಯಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ನವರಸಪುರ ಉತ್ಸವ ನಡೆದ ವರ್ಷಗಳಲ್ಲಿ ಮೆರವಣಿಗೆಯ ಮುಂಭಾಗದಲ್ಲಿ ಕರಡಿ ಮಜಲು, ಹಲಗಿ, ಡೊಳ್ಳು ಇದ್ದೇ ಇರುತ್ತವೆ. ಮಂತ್ರಿಗಳು ಒಂದು ಪೆಟ್ಟು ಬಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಸಂಜೆಯ ಮುಖ್ಯ ವೇದಿಕೆ ಮಾತ್ರ ಹೊರಗಿನಿಂದ ಬಂದ ಗಾಯಕರದ್ದು. ಗೋಳಗುಮ್ಮಟದ ಎದುರಿನ ನಗಾರಖಾನೆಯನ್ನು ನೋಡಿದಾಗಲೆಲ್ಲ ನನಗೆ ಈ ಉತ್ಸವ ನೆನಪಾಗುತ್ತದೆ. ನಗಾರಿ ಬಾರಿಸುವವರಿಗಾಗಿ ಕಟ್ಟಿದ ಆ ಎತ್ತರದ ಕಟ್ಟಡ 1892ರಿಂದ ವಸ್ತು ಸಂಗ್ರಹಾಲಯ. ಬಾರಿಸುವವರಿಗೆ ಒಂದು ಕಾಲಕ್ಕೆ ಸ್ವಂತ ಮಹಡಿಯೇ ಇತ್ತು ಈ ಊರಲ್ಲಿ.

ವೇದಿಕೆ ಹತ್ತಿಸುವುದು ಪರಿಹಾರವೂ ಅಲ್ಲ ಎಂದು ನನ್ನ ಅನಿಸಿಕೆ. ಹತ್ತು ನಿಮಿಷದ ಅವಕಾಶದಲ್ಲಿ ಕರಡಿಯವರು ವಿಳಂಬಿತ ಬಿಟ್ಟು ನೇರ ದ್ರುತಕ್ಕೆ ಹೋಗುತ್ತಾರೆ, ಒಬ್ಬರ ಹೆಗಲ ಮೇಲೆ ಒಬ್ಬರು ಏರಿ ಗೋಪುರ ಕಟ್ಟುತ್ತಾರೆ, ಚಪ್ಪಾಳೆ ಬೀಳುತ್ತದೆ. ಎತ್ತಿನ ಮುಂದೆ ಒಂದು ತಾಸು ಒಂದೇ ನಡೆಯನ್ನು ಹಿಡಿದು ನಿಲ್ಲಿಸುವ ಸಂಯಮಕ್ಕೆ ಅಲ್ಲಿ ಬೆಲೆ ಇಲ್ಲ. 1930ರ ದಶಕದಲ್ಲಿ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಈ ಜಿಲ್ಲೆಯ ಹೆಣ್ಣುಮಕ್ಕಳ, ಲಾವಣಿಕಾರರ ಹಾಡು ಕೇಳಿ ಕೇಳಿ ಬರೆದುಕೊಂಡು ‘ಗರತಿಯ ಹಾಡು’, ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಕೊಟ್ಟರು. ಹಾಡಾದರೆ ಹಾಗೆ ಪುಸ್ತಕಕ್ಕೆ ಇಳಿಯುತ್ತದೆ. ಎತ್ತಿನ ಕಿವಿ ನೋಡಿ ತಗ್ಗುವ ಕೈಯನ್ನು ಬರೆದುಕೊಳ್ಳುವುದು ಹೇಗೆ? ಅದು ಕಲಿಯುವವನು ಎತ್ತಿನ ಮುಂದೆಯೇ ಕಲಿಯಬೇಕು, ಕಲಿಸುವವ ಅವನ ಪಕ್ಕದಲ್ಲಿ ನಡೆಯಬೇಕು, ಎತ್ತು ಬೀದಿಯಲ್ಲಿ ಇರಬೇಕು.

ಈಚೆಗೆ ಕೆಲವು ಹಳ್ಳಿಗಳಲ್ಲಿ ಪಂಚರೇ ಕೂತು ಡಿಜೆ ಸಂಜೆಗೆ, ಕರಡಿ ಬೆಳಿಗ್ಗೆಗೆ ಎಂದು ಪಾಲು ಮಾಡಿದ್ದಾರೆ. ಬೆಳಗಿನ ಮೆರವಣಿಗೆಗೆ ಎತ್ತು ಮತ್ತೆ ಬರುತ್ತಿವೆ. ಎತ್ತಿಲ್ಲದ ಮನೆಯವರು ಟ್ರ್ಯಾಕ್ಟರ್ ತೊಳೆದು, ಬಾನೆಟ್ಟಿಗೆ ಹಾರ ಹಾಕಿ, ಸೈಲೆನ್ಸರಿಗೆ ಗೊಂಡೆ ಕಟ್ಟಿ ಸಾಲಿಗೆ ನಿಲ್ಲಿಸುತ್ತಾರೆ. ನಮ್ಮ ಟ್ರ್ಯಾಕ್ಟರಿನ ಮುಂದೂ ಕರಡಿ ಬಾರಿಸಿ ಎಂದು ಕೇಳುತ್ತಾರೆ. ಬಾರಿಸ್ತೀರಾ ಕಾಕಾ ಎಂದು ಆ ಹಿರಿಯರನ್ನೇ ಕೇಳಿದೆ. ‘ಬಾರಸ್ತೀವಿ. ಖರೆ ರೇಟ ಬ್ಯಾರೆ’ ಅಂದರು. ಎತ್ತಿಗೆ ಎಷ್ಟು ಎಂದು ಮೊದಲೇ ಮಾತಾಗಿರುತ್ತದೆ, ಟ್ರ್ಯಾಕ್ಟರಿಗೆ ಅದರ ಒಂದೂವರೆ ಪಟ್ಟು. ಯಾಕೆ ಹೆಚ್ಚು ಅಂದೆ. ಎತ್ತು ದಣಿದರೆ ತಾನೇ ನಿಲ್ಲುತ್ತದಂತೆ, ಆಗ ಇವರೂ ಬೀಡಿ ಹಚ್ಚಿಕೊಂಡು ಎರಡು ನಿಮಿಷ ಕೂರಬಹುದಂತೆ. ಡ್ರೈವರ್ ಹುಡುಗ ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಇರುತ್ತಾನೆ.